ಶಂಭುಲಿಂಗನ ಮನೆಯಲ್ಲಿ ನೂರಾ ನಾಲ್ಕು

ಶಿರಸಿಯಲ್ಲಿ ಮದುವೆ ವಿಡಿಯೋ ತೆಗೆಯುವವರು ಹತ್ತಾರು ಜನ ಇದ್ದರೂ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕುವ ಧೈರ್ಯ ಇರುವುದು ತನಗೊಬ್ಬನಿಗೇ ಎಂದು ಶಂಭುಲಿಂಗ ನಂಬಿದ್ದ. 2008ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು, ತಾನೇ ಸ್ಕ್ರೂ ತಿರುಗಿಸಿ ಕೂರಿಸಿ, "ಇನ್ನ ಮ್ಯಾಲೆ ಈ ಮನಿಗೆ ಮೆಕ್ಯಾನಿಕ್ ಕಾಲಿಡಂಗಿಲ್ಲ" ಎಂದು ಹೆಂಡತಿಯೆದುರು ಘೋಷಿಸಿದ. ಗೀತಾ ಅಕ್ಕಿ ಆರಿಸುತ್ತಲೇ ಇದ್ದಳು.

ಮೊದಲ ಕೆಲಸವೇ ಬನವಾಸಿಯ ಅಂದಾನಪ್ಪನವರ ಮಗಳ ಮದುವೆ. ಶುಕ್ರವಾರ ಹುಡುಗಿ ಗಂಡನ ಮನೆಗೆ ಹೊರಡುವಾಗ ಡಿವಿಡಿ ಅವಳ ಕೈಯಲ್ಲಿರಬೇಕು. ಗುರುವಾರ ಬೆಳಗ್ಗೆ ಶಂಭುಲಿಂಗ ಮೂರು ತಾಸಿನ ಚಿತ್ರವನ್ನು ಕಂಪ್ಯೂಟರಿಗೆ ಒಪ್ಪಿಸಿ ಕೈಕಟ್ಟಿ ಕೂತ. ಅರ್ಧ ತಾಸಿನಲ್ಲಿ ಕಾರ್ಡಿನ ಬಿಸಿ ತೊಂಬತ್ತು ಡಿಗ್ರಿ ದಾಟಿತು. ನೂರಾ ಐದಕ್ಕೆ ಯಂತ್ರ ತಾನಾಗಿ ಆರಿಹೋಯಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಕಂಪ್ಯೂಟರ್ ಡಬ್ಬಿಯ ಮುಚ್ಚಳ ಬಿಚ್ಚಿದ, ಸಾಲಲಿಲ್ಲ. ಊಟ ಮುಗಿಸಿ ಹೊರಕೋಣೆಯಲ್ಲಿ ಅಡ್ಡಾಗಿದ್ದ ಮಾವ ಸಂಗಯ್ಯನವರ ಮುಂದಿನ ಟೇಬಲ್ ಫ್ಯಾನನ್ನೇ ಎತ್ತಿಕೊಂಡು ಹೋದ. ಹಾವೇರಿಯಿಂದ ಮಗಳನ್ನು ನೋಡಲು ಬಂದಿದ್ದ ಹಿರಿಯರು ಅಂಗಿ ಕಳಚಿ, ಟವೆಲಿನಲ್ಲಿ ಗಾಳಿ ಹಾಕಿಕೊಳ್ಳತೊಡಗಿದರು.

ಕೊನೆಗೆ ಕಾರ್ಡು ಮಾರಿದವನಿಗೇ ಫೋನ್ ಮಾಡಬೇಕಾಯಿತು. ಮೊಬೈಲಿಗೆ ಸಿಗ್ನಲ್ ಸಿಗುವುದು ಹಿತ್ತಲ ಮೆಟ್ಟಿಲ ಮೇಲೆ ಮಾತ್ರ. ಗೋಡೆಯಾಚೆ ನೆರೆಮನೆಯ ವೆಂಕಮ್ಮ ಬಟ್ಟೆ ಒಣಹಾಕುತ್ತಿದ್ದರು.

"ನೂರಾ ನಾಲ್ಕು ಆಗೈತಿ. ಮುಟ್ಟಿದ್ರ ಕೈ ಸುಡ್ತೈತಿ. ಮೈಮ್ಯಾಲಿಂದೆಲ್ಲಾ ಬಿಚ್ಚಿ ಫ್ಯಾನ್ ಹಚ್ಚೀನಿ. ನೂರಾ ಐದು ಆತಂದ್ರ ಮುಗೀತು. ನಾಳೆ ಮುಂಜಾನಿತನಕಾ ತಡೀತೈತೇನ್ರಿ?"

ವೆಂಕಮ್ಮನದು ಕರಗುವ ಕರುಳು. ಸಂಗಯ್ಯನವರಿಗೇ ಜ್ವರವೆಂದುಕೊಂಡು, ಒದ್ದೆ ಬಟ್ಟೆಯನ್ನು ಬಕೇಟಿನಲ್ಲೇ ಬಿಟ್ಟು ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿ, ಡಾಕ್ಟರಿಗೂ ಹೇಳಿಕಳಿಸಿದರು. ಅರ್ಧ ತಾಸಿನಲ್ಲಿ ಹೊರಕೋಣೆ ತುಂಬಿತು. ಬ್ರೆಡ್ಡು ಬಂತು, ಕಷಾಯ ಬಂತು. ಪೇಟೆಗೆ ಬಂದಿದ್ದ ಅಂದಾನಪ್ಪನವರೂ ಸುದ್ದಿ ಕೇಳಿ ಮೋಸಂಬಿ ಹಿಡಿದು ಬಂದರು. ಬೆವರಿನಲ್ಲಿ ತೊಯ್ದು ಕೂತ ಸಂಗಯ್ಯನವರನ್ನು ನೋಡಿದವರೆಲ್ಲ, ಬೆವರು ಬಿಟ್ಟಿತೆಂದರೆ ಜ್ವರ ಇಳಿದ ಹಾಗೇ ಎಂದು ಗೀತಾಳಿಗೆ ಸಮಾಧಾನ ಹೇಳಿದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಳಿಯನ ಮನೆಯಲ್ಲಿ ಇಷ್ಟು ಮರ್ಯಾದೆ ಎಂದೂ ಕಾಣದ ಸಂಗಯ್ಯನವರು ಮಾತ್ರ ಏನೂ ಕೇಳದೆ ಮೋಸಂಬಿ ಸುಲಿಯತೊಡಗಿದರು.

ಡಾಕ್ಟರು ಬಂದು, ಸಂಗಯ್ಯನವರ ಕಂಕುಳಲ್ಲಿಟ್ಟ ಥರ್ಮಾಮೀಟರ್ ತೆಗೆದು ಬೆಳಕಿಗೆ ಹಿಡಿದು, "ತೊಂಬತ್ತೆಂಟು" ಎಂದರು.

"ಎಲ್ಲೈತ್ರಿ ತೊಂಬತ್ತೆಂಟು? ನೂರಾ ನಾಲ್ಕೈತಿ" ಎಂದು ಒಳಗಿನಿಂದ ಶಂಭುಲಿಂಗನ ದನಿ ಕೇಳಿತು.

ಒಳಗೆ ಇನ್ನೊಬ್ಬ ರೋಗಿ ಇದ್ದಾನೆಂದು ಡಾಕ್ಟರ ಹಿಂದೆಯೇ ಹನ್ನೆರಡು ಜನ ನುಗ್ಗಿದರು. ಹತ್ತಡಿ ಕೋಣೆ. ಫ್ಯಾನಿಗೆ ಅಡ್ಡವಾಗಿ ವೆಂಕಮ್ಮ ನಿಂತರು. ಎಲ್ಲರ ಕಣ್ಣೆದುರೇ ಪರದೆ ಕಪ್ಪಾಯಿತು.

ಶಂಭುಲಿಂಗ ಎಲ್ಲವನ್ನೂ ಬಿಚ್ಚಿ ಹೇಳಬೇಕಾಯಿತು. ಪೆಟ್ಟಿಗೆಗೆ ಇಷ್ಟು ಬಿಸಿ ಏಕೆ ಏರುತ್ತದೆ ಎಂದು ಅಂದಾನಪ್ಪನವರು ಕೇಳಿದಾಗ ಅವನಿಗೆ ಸ್ವಲ್ಪ ಉಸಿರು ಬಂತು. ವಧೂವರರ ಮೇಲೆ ಮೂರು ತಾಸೂ ಗುಲಾಬಿ ಎಸಳು ಸುರಿಯುತ್ತವೆ, ಒಂದೊಂದು ಎಸಳನ್ನೂ ಕಾರ್ಡು ಬೇರೆಬೇರೆಯಾಗಿ ತಿರುಗಿಸಬೇಕು, ಹಿಂದೆ ಹೃದಯಗಳು ಹಾರುತ್ತವೆ, ಕೆಳಗೆ ಹಂಸಗಳು ಈಜುತ್ತವೆ ಎಂದು ಹೆಮ್ಮೆಯಿಂದ ವಿವರಿಸಿದ.

ಅಂದಾನಪ್ಪನವರು ಕೇಳಿದರು: "ನಾವು ಅಕ್ಕಿಕಾಳು ಒಗದಿದ್ವಿ. ಗುಲಾಬಿ ಯಾರು ತಂದಿದ್ರು?"

ಯಾರೂ ನಗಲಿಲ್ಲ. ನಕ್ಕಿದ್ದರೆ ಶಂಭುಲಿಂಗನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಎಲ್ಲ ತೆಗೆದು ಒಮ್ಮೆ ಹಚ್ಚಿ ನೋಡಿ ಎಂದಳು ಗೀತಾ. ಅವನು ಎಸಳು ತೆಗೆದ, ಹೃದಯ ತೆಗೆದ, ಕಣ್ಣು ಮುಚ್ಚಿಕೊಂಡು ಹಂಸಗಳನ್ನೂ ತೆಗೆದ. ಕಾರ್ಡು ಎಪ್ಪತ್ತೊಂದಕ್ಕೆ ನಿಂತಿತು. ದೀಪ ಹಚ್ಚುವ ಹೊತ್ತಿಗೆ ಡಿವಿಡಿ ಸಿದ್ಧ.

ಅಂದಾನಪ್ಪನವರು ಒಂದಿಷ್ಟು ಹಾಕಿಸಿ ನೋಡಿ, ಕಣ್ಣೊರೆಸಿಕೊಂಡು ಎದ್ದರು. ಬಾಗಿಲಲ್ಲಿ ನಿಂತು ಶಂಭುಲಿಂಗನ ಕೈ ಹಿಡಿದು ಮನಸಾರೆ ಹೇಳಿದರು:

"ಮಗಳ ಮುಖ ಛಲೋ ಕಾಣ್ತೈತಿ. ನಿಮ್ಮ ಮಷಿನ್ ಬಿಸಿ ಆದದ್ದು ನಮ್ಮ ಪುಣ್ಯ."