ಒಸಿ ಕಳೀಲಿ

ಕನ್ನಡ ಮೇಷ್ಟರಿಗೆ ಒಂದು ಕಾಯಿಲೆ ಉಂಟು. ಎದುರಿಗಿರುವವರು ಏನು ಹೇಳುತ್ತಿದ್ದಾರೆ ಎನ್ನುವುದಕ್ಕಿಂತ ಹೇಗೆ ಹೇಳುತ್ತಿದ್ದಾರೆ ಎನ್ನುವ ಕಡೆಗೇ ನಮ್ಮ ಕಿವಿ. ರಾಮನಗರದ ಬಸ್ಸಿನಲ್ಲಿ ಕಂಡಕ್ಟರು ‘ಮುಂದ್ಕೋಗಿ’ ಎಂದರೆ ನಾನು ಸಂಧಿ ಬಿಡಿಸುತ್ತಾ ಬಾಗಿಲಲ್ಲೇ ನಿಂತಿರುತ್ತೇನೆ. ಈ ಕಾಯಿಲೆ ಹೊಲಕ್ಕೂ ತಗಲುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ನಮ್ಮೂರು ಕಲ್ಯದಲ್ಲಿ ನನ್ನ ಪಾಲಿನ ತುಂಡು ಹೊಲವೊಂದಿದೆ. ಮಳೆ ಬಂದರೆ ಬೆಳೆ. ಪಕ್ಕದ್ದು ಅಕ್ಕನದು. ಇಷ್ಟು ವರ್ಷ ಎರಡನ್ನೂ ಅವಳೇ ನೋಡಿಕೊಂಡಳು. ಮಗಳ ಮದುವೆಯಾದ ಹುರುಪಿನಲ್ಲಿ ನಾನು ಚನ್ನಪಟ್ಟಣದ ಬೀಗರಿಗೆ, ಈ ಸಲ ನನ್ನ ಕೈಯಾರೆ ಬೆಳೆದ ಸೊಗಡವರೆಯಲ್ಲೇ ನಿಮಗೆ ಹಿತಕಿದ ಬೇಳೆ ಸಾರು ಎಂದು ಮಾತು ಕೊಟ್ಟುಬಿಟ್ಟೆ. ಬೀಗರು ಬೇರೆಲ್ಲ ಮರೆತಾರು, ಊಟದ ಮಾತು ಮರೆಯುವುದಿಲ್ಲ.

ಒಂದು ಟ್ರ್ಯಾಕ್ಟರ್ ಸಗಣಿ ತರಿಸಿ, ಹೊಲಕ್ಕೆ ಹಾಕಲೇ ಎಂದು ಅಕ್ಕನಿಗೆ ಫೋನು ಮಾಡಿದೆ. “ಒಸಿ ಕಳೀಲಿ ಬುಡು, ಆಮ್ಯಾಕೆ ಹಾಕು” ಎಂದಳು. ಕಳೆಯಲಿ ಎಂದರೆ ಏನು ಕಳೆಯಬೇಕು? ಕರ್ತೃಪದ ಲೋಪವಾಗಿದೆ, ಕಾಲವೇ ಇರಬೇಕು. ಒಸಿ ಎಂದರೆ ಸ್ವಲ್ಪ. ನಾಲ್ಕು ದಿನ ಕಳೆದೆ. ಐದನೆಯ ದಿನ ಹರಡಿಸಿ, ಅವರೆ ಬಿತ್ತಿದೆ.

ಹಸಿ ಸಗಣಿಯ ಕಾವಿಗೆ ಅರ್ಧ ಮೊಳಕೆ ಬೆಂದುಹೋದವು. ಉಳಿದವಕ್ಕೆ ಸಿಗಬೇಕಾಗಿದ್ದ ಅಷ್ಟಿಷ್ಟು ತೇವವನ್ನು, ಸಗಣಿಯ ಜೊತೆ ಬಂದ ಹುಲ್ಲಿನ ಬೀಜಗಳು ಮೊಳೆತು ಕುಡಿದವು. ಅಕ್ಕ ಬಂದು ಬದುವಿನ ಮೇಲೆ ನಿಂತು ನೋಡಿದಳು. ಅವಳು ಹೇಳಿದ್ದು ಗೊಬ್ಬರ ಕಳಿಯಲಿ, ಅಂದರೆ ತಿಪ್ಪೆಯಲ್ಲಿ ಕೊಳೆತು ಪುಡಿಯಾಗಲಿ ಎಂದಂತೆ. ಅದಕ್ಕೆ ತಿಂಗಳುಗಟ್ಟಲೆ ಬೇಕಂತೆ. “ಕಳೀಲಿ ಅಂದ್ರೆ ಕಳೆ ಬೆಳ್ದಿದ್ದೀಯಲ್ಲ ಕಣ್ಲಾ” ಎಂದು ಹೊರಟುಹೋದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಶ್ಲೇಷಾಲಂಕಾರವನ್ನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹೊಲದಲ್ಲಿ ನೋಡಿದ್ದು ಅದೇ ಮೊದಲು.

ಬೀಗರು ಬರುವ ಹಿಂದಿನ ದಿನ ಅಕ್ಕ ತನ್ನ ಹೊಲದ ಕಾಯಿಯನ್ನು ಒಂದು ಚೀಲ ಹೊತ್ತು ತಂದಳು. ನನ್ನ ಹೆಂಡತಿಯ ಜೊತೆ ಕೂತು ಸುಲಿದು, ನೆನೆಹಾಕಿ, ಹಿತುಕಿದಳು. ಮರ್ಯಾದೆ ಉಳಿಯಿತು ಎಂದುಕೊಂಡೆ.

ಮರುದಿನ ಊಟಕ್ಕೆ ಕೂತ ಬೀಗರು ಬೆರಳು ನೆಕ್ಕುತ್ತಾ, “ಏನ್ ಬೀಗ್ರೇ, ಈ ಅವರೆಗೆ ಏನ್ ಗೊಬ್ಬರ ಹಾಕಿದ್ರಿ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಮುದ್ದೆ ಬಡಿಸುತ್ತಿದ್ದ ಅಕ್ಕ ಹೇಳಿದಳು:

“ಯಾಕರಣ ಹಾಕವ್ನೆ.”

ವ್ಯಾಕರಣ ಎನ್ನಬೇಕು. ನಾನು ತಿದ್ದಲಿಲ್ಲ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.