ಜೀವಕೋಶದ ಪೊರೆಯವರಿಗೆ: ಆ ಕಲೆ ತಮ್ಮದೋ, ಮುಚ್ಚಳದ್ದೋ?

ಸಕಲ ಜೀವಿಗಳಲ್ಲೂ ವಾಸವಾಗಿದ್ದು ಯಾರ ಬರಿಗಣ್ಣಿಗೂ ಬೀಳದ, ಎರಡು ಪದರದ ಜೀವಕೋಶದ ಪೊರೆಯವರ ಸನ್ನಿಧಿಗೆ, ಪಂಕ್ಚರ್ ಅಂಗಡಿಯ ಮುದುಕನ ನಮಸ್ಕಾರಗಳು.

ಮಾನ್ಯರೇ,

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಟೈರು ಬಿಚ್ಚಲು ಕೂತವನಿಗೆ ಪೆನ್ನು ಹಿಡಿದರೆ ಬೆರಳು ಮರಗಟ್ಟುತ್ತದೆ. ಆದರೆ ತಮ್ಮನ್ನು ಬೈದುಕೊಂಡು ಅಡುಗೆಮನೆಯಲ್ಲಿ ಓಡಾಡುತ್ತಿದ್ದಾಗ ನನ್ನ ಹೆಂಡತಿ, "ನನ್ನ ಮುಂದೆ ಕೂಗಾಡಿದ್ರೆ ಏನು ಬಂತು, ಅವರಿಗೇ ಬರೀರಿ" ಎಂದು ಸೌಟು ತೋರಿಸಿದ್ದರಿಂದ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಾವೇ ತಿದ್ದಿಕೊಂಡು ಓದತಕ್ಕದ್ದು.

ನನ್ನ ತಂಗಿ ತಮಗೆ ಗೊತ್ತಿರಲೇಬೇಕು. ಜೀವಮಾನವೆಲ್ಲ ತಮ್ಮ ಹಿಂದೆಯೇ ಬಿದ್ದಿರುವ ಸಂಶೋಧಕಿ. ನಾನು ಕೈಗಂಟಿದ ಜಿಡ್ಡು ತೊಳೆದು ತೊಳೆದು ಮುದುಕನಾದೆ. ಅವಳು ಜಿಡ್ಡನ್ನೇ ಹುಡುಕಿ ಹುಡುಕಿ ತಲೆ ಬೆಳ್ಳಗೆ ಮಾಡಿಕೊಂಡಳು. ತಾವು ಬಹುಪಾಲು ಕೊಬ್ಬಿನಿಂದಲೇ ಆದವರಂತೆ. ತಮ್ಮ ನಡವಳಿಕೆ ನೋಡಿ ನಾನೂ ಹಾಗೇ ಅಂದುಕೊಂಡಿದ್ದೆ.

ತಮ್ಮ ದೊಡ್ಡಸ್ತಿಕೆಯನ್ನು ಅಲ್ಲಗಳೆಯುವುದಿಲ್ಲ. ಬೇಕಾದವರನ್ನು ಒಳಗೆ ಬಿಟ್ಟು ಬೇಡದವರನ್ನು ಬಾಗಿಲಲ್ಲೇ ನಿಲ್ಲಿಸುತ್ತೀರಿ, ಸಣ್ಣ ತೂತು ಬಿದ್ದರೆ ಯಾರನ್ನೂ ಕರೆಯದೆ ತಾವೇ ಮುಚ್ಚಿಕೊಳ್ಳುತ್ತೀರಿ ಎಂದು ತಂಗಿ ಹೇಳುತ್ತಾಳೆ. ನನ್ನ ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ ತಾವು ಟ್ಯೂಬಿನ ವ್ಯಾಪಾರಕ್ಕೆ ಇಳಿಯದೆ ನನ್ನ ಸಂಸಾರವನ್ನು ಉಳಿಸಿದ್ದಕ್ಕೆ ಎಂದೆಂದಿಗೂ ಋಣಿ.

ಇನ್ನು ದೂರು. ಅವಳ ಕೂದಲು ಕಪ್ಪಗಿದ್ದ ಕಾಲದಲ್ಲಿ, ಜೀವಕೋಶಗಳಿಂದ ಕೊಬ್ಬನ್ನು ಕರಗಿಸಿ ತೆಗೆದು, ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಮೇಲೆ ಹರಿಸಿದಾಗ, ಹಿಂದೆ ಯಾರೂ ಕಂಡಿರದ ಜಾಗದಲ್ಲಿ ಒಂದು ಕಲೆ ಮೂಡಿತು. ಒಂದೊಂದು ಬಗೆಯ ಕೊಬ್ಬೂ ಹಲಗೆಯ ಮೇಲೆ ತನ್ನದೇ ಜಾಗದಲ್ಲಿ ಕಲೆಯಾಗಿ ನಿಲ್ಲುತ್ತದಂತೆ. ಹೊಸ ಕೊಬ್ಬು ಸಿಕ್ಕಿತೆಂದು ಲೇಖನ ಅಚ್ಚಾಯಿತು, ಸಭೆಗಳಲ್ಲಿ ಚಪ್ಪಾಳೆ ಬಿತ್ತು. ಆಮೇಲೆ ನೋಡಿದರೆ ಅದು ತಾವಲ್ಲ, ಪ್ಲಾಸ್ಟಿಕ್ ಮುಚ್ಚಳ. ಕೊಬ್ಬು ಕರಗಿಸುವ ಆ ದ್ರವ, ಸೀಸೆಯ ಮುಚ್ಚಳವನ್ನೂ ಒಂದಿಷ್ಟು ಕರಗಿಸಿಕೊಂಡು ಬಂದಿತ್ತು. ಅವಳೇ ಅದನ್ನು ಪತ್ತೆ ಮಾಡಿ, ಅವಳೇ ಎಲ್ಲರಿಗೂ ತಿಳಿಸಿ, ಲೇಖನ ವಾಪಸ್ ತೆಗೆದುಕೊಂಡಳು. ಸಹೋದ್ಯೋಗಿಗಳ ಬಾಯಲ್ಲಿ ಅವಳು ಅಂದಿನಿಂದ 'ಮುಚ್ಚಳ ಮೇಡಂ'. ಅವಳೂ ನಮ್ಮ ಜೊತೆಗೇ ಇರುವುದರಿಂದ ಮನೆಯಿಂದಲೇ ಪ್ಲಾಸ್ಟಿಕ್ ಗಡೀಪಾರಾಗಿದೆ. ಹಲ್ಲುಜ್ಜುವ ಬ್ರಷ್ಷನ್ನು ಕೂಡ ಅವಳು ಅನುಮಾನದಿಂದಲೇ ನೋಡುತ್ತಾಳೆ. ಅವಳ ಗಾಜಿನ ಊಟದ ಡಬ್ಬಿ ನನ್ನ ಕಾಲ ಮೇಲೆ ಬಿದ್ದದ್ದನ್ನೂ ತಮ್ಮ ಖಾತೆಗೇ ಹಾಕಿದ್ದೇನೆ.

ಈಗ ನಿವೃತ್ತಿಯ ಹೊತ್ತಿಗೆ ಮತ್ತೊಂದು ಕಲೆ ಎದ್ದಿದೆ. ಸೀಸೆಯೂ ಗಾಜು, ಮುಚ್ಚಳವೂ ಗಾಜು. ಎಲ್ಲವನ್ನೂ ತೊಳೆದು ಮೊದಲಿನಿಂದ ಮಾಡಿದರೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಆದರೂ ಅವಳು ಯಾರಿಗೂ ಹೇಳುತ್ತಿಲ್ಲ. ಕೇಳಿದರೆ, "ಇನ್ನೊಂದ್ಸಲ ನೋಡ್ತೀನಿ ಅಣ್ಣ, ಮತ್ತೆ ಮುಚ್ಚಳ ಆಗಿಬಿಟ್ರೆ?" ಎನ್ನುತ್ತಾಳೆ. ಈ ತಿಂಗಳ ಮೂವತ್ತಕ್ಕೆ ಅವಳ ಪ್ರಯೋಗಾಲಯದ ಬೀಗದ ಕೈ ಬೇರೆಯವರಿಗೆ ಹೋಗುತ್ತದೆ. ಆಮೇಲೆ ಹಲಗೆಯೂ ಇಲ್ಲ, ಕಲೆಯೂ ಇಲ್ಲ. ಜಗಳದಲ್ಲಿ ನನ್ನಂಥವನ ಬಾಯನ್ನೇ ಮುಚ್ಚಿಸುವ ಹೆಂಗಸು ಒಂದು ಕಂದು ಚುಕ್ಕೆಗೆ ಹೆದರಿ ಕೂತಿರುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಆದಕಾರಣ ತಾವು ಬೀಳ್ಕೊಡುಗೆ ಸಭೆಗೆ ದಯಮಾಡಿಸಿ, ಎರಡೂ ಪದರಗಳನ್ನು ನೀಟಾಗಿ ಮಡಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತು, ಆ ಕಲೆ ತಮ್ಮದೇ ಎಂದು ಎಲ್ಲರೆದುರು ಎದ್ದು ಹೇಳಬೇಕಾಗಿ ಪ್ರಾರ್ಥನೆ. ತಮ್ಮದಲ್ಲದಿದ್ದರೆ ಅದನ್ನೂ ಹೇಳಿ. ಒಮ್ಮೆ ಅವಮಾನ ನುಂಗಿಕೊಂಡವರು ಇನ್ನೊಮ್ಮೆಯೂ ನುಂಗಿಕೊಳ್ಳುತ್ತೇವೆ. ಇಷ್ಟು ವರ್ಷ ಅವಳ ಕೈಯಲ್ಲಿ ದುಡಿಸಿಕೊಂಡು ಈಗ ಸುಮ್ಮನಿರುವುದು ಮಾತ್ರ ಮರ್ಯಾದಸ್ಥರ ಕೆಲಸವಲ್ಲ.

ನನ್ನ ಮೈಯಲ್ಲೂ ಕೋಟಿಗಟ್ಟಲೆ ಕಡೆ ಬಿಟ್ಟಿಯಾಗಿ ವಾಸವಾಗಿದ್ದೀರಿ ಎಂಬುದನ್ನು ವಿನಯಪೂರ್ವಕ ನೆನಪಿಸುವ,

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಮುಚ್ಚಳ ಮೇಡಂ ಅವರ ಅಣ್ಣ

ತಾ.ಕ.: ಉತ್ತರ ಇಪ್ಪತ್ತೊಂಬತ್ತನೇ ತಾರೀಕಿನೊಳಗೆ ತಲುಪಬೇಕು. ಗಾಜಿನಲ್ಲಿ ಕಳಿಸಿ.