ಎರಡು ತೊಗರಿ, ಎರಡು ಸಾಫ್ಟ್‌ವೇರ್

ಕಂಪ್ಯೂಟರಿನ ಮುಂದೆ ಕೂತವನೇ ಬುದ್ಧಿವಂತ ಎಂದು ನಂಬುವವರು ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ. ಹುಮನಾಬಾದಿನ ನಮ್ಮ ತೊಗರಿ ಬೆಳೆಗಾರರ ಸಂಘದಲ್ಲಿ ಹಾಗೆ ನಂಬಿದವನು ನಾನೊಬ್ಬನೇ.

ಅಂಕಿಅಂಶದ ಕೆಲಸ ನನ್ನದು. ಹೊಸ ಬೀಜವೊಂದು ಬಂದಿತ್ತು. ಅದು ಹಳೆಯದಕ್ಕಿಂತ ಮೇಲು ಎಂದು ನಾವು ಹೇಳಿದರೆ ಸದಸ್ಯರೆಲ್ಲ ಮುಂಗಾರಿಗೆ ಅದನ್ನೇ ಬಿತ್ತುವವರು. ತಪ್ಪಿದರೆ ಎಲ್ಲರ ಒಂದು ವರ್ಷದ ಬೆಳೆ ಹೋದಂತೆ. ಲೆಕ್ಕಕ್ಕೆ ಎರಡು ಸಾಫ್ಟ್‌ವೇರ್ ಕೊಳ್ಳುವ ಮೊದಲು ತಂದು ನೋಡಿದೆವು. ಒಂದು ಅಂಕಿಗಳನ್ನು ಬಣ್ಣದ ಚಿತ್ರ ಮಾಡಿ ತೋರಿಸುತ್ತದೆ. ಇನ್ನೊಂದು ಸಂಖ್ಯಾಶಾಸ್ತ್ರದ್ದು, ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಹೇಳುತ್ತದೆ. ಅಧ್ಯಕ್ಷರಿಗೆ ಚಿತ್ರದ್ದು ಹಿಡಿಸಿತು. ಸಂಖ್ಯಾಶಾಸ್ತ್ರದ್ದನ್ನೇ ಕೊಳ್ಳಿಸಿ ತೀರುತ್ತೇನೆಂದು ನಾನು ಹಟ ಹಿಡಿದೆ.

೧

ಹಿಂದಿನ ಹಂಗಾಮಿನಲ್ಲಿ ಎರಡೂ ಬೀಜ ಬಿತ್ತಿದ್ದ ರೈತರಿಗೆ ನಾನು ಕಾಗದ ಹಂಚಿದ್ದೆ. ಅದರಲ್ಲಿ ಬರೆದು ಮೊದಲು ಕಳಿಸಿದ ಹತ್ತು ಮಂದಿಯ ಇಳುವರಿ ತೂಕಗಳನ್ನು ನನ್ನ ಸಾಫ್ಟ್‌ವೇರಿಗೆ ಹಾಕಿದೆ. ಖಚಿತವಾಗಿ ಏನೂ ಹೇಳಲಾಗದು ಎಂದಿತು.

"ಏನಂತದ್ರಿ?" ಎಂದರು ಅಧ್ಯಕ್ಷರು.

"ಗೊತ್ತಿಲ್ಲ ಅಂತದ್ರಿ."

"ಗೊತ್ತಿಲ್ಲ ಅನ್ನಾಕ ನಮ್ಮ ಕಾರ್ಯದರ್ಶಿ ಅದಾರಲ್ರಿ. ಅದಕ್ಕೂ ಮಷೀನ್ ಬೇಕೇನು?"

ಪಕ್ಕದಲ್ಲೇ ಇದ್ದ ಕಾರ್ಯದರ್ಶಿಗೆ ಬೇಜಾರಾಯಿತೇ ಎಂದು ಆಮೇಲೆ ಕೇಳಿದೆ. ಗೊತ್ತಿಲ್ಲ ಎಂದರು.

೨

ಅಧ್ಯಕ್ಷರು ತಮ್ಮ ಚಿತ್ರದ ಸಾಫ್ಟ್‌ವೇರನ್ನು ಮೋರಖಂಡಿಯ ಸಭೆಗೆ ಒಯ್ದರು. ಗೋಡೆಯ ಮೇಲೆ ಎರಡು ಕಂಬ ಮೂಡಿದವು. ಹೊಸ ಬೀಜದ ಹಸಿರು ಕಂಬ ಹಳೆಯದರ ಮೂರು ಪಟ್ಟು ಎತ್ತರ. ಮುಂದೆ ಕೂತ ವಯಸ್ಸಾದ ರೈತ ಆಯಿಯೊಬ್ಬಳು ಇಳುವರಿ ಎಷ್ಟೆಂದು ಕೇಳಿದಳು.

"ಹಳೇದು ಎಕರೆಗೆ ನಾಲ್ಕು ಕ್ವಿಂಟಲ್, ಹೊಸದು ನಾಲ್ಕೂವರಿ," ಎಂದೆ. ಚಿತ್ರದಲ್ಲಿ ಕಂಬಗಳ ಬುಡ ಕತ್ತರಿಸಿ ತುದಿಯನ್ನಷ್ಟೇ ತೋರಿಸಿದ್ದು ನನಗೆ ಗೊತ್ತಿತ್ತು.

"ಅಂದ್ರ ಇಬ್ಬರು ಮನಷ್ಯಾರನ್ನ ಎದೀಮಟ ತೆಗ್ಗಿನಾಗ ಇಳಿಸಿ, ಹೊರಗ ಕಾಣೋದಷ್ಟೇ ಅಳದಂಗಾತು," ಎಂದಳು ಆಯಿ.

ನನಗೆ ಒಳಗೊಳಗೇ ಖುಷಿ. ಗೆದ್ದೆ ಅಂದುಕೊಂಡೆ.

೩

ಎಲ್ಲ ಊರುಗಳ ತೂಕ ಬಂದ ಮೇಲೆ ನನ್ನ ಸಾಫ್ಟ್‌ವೇರೂ ಒಪ್ಪಿತು: ವ್ಯತ್ಯಾಸ ನಿಜ, ಹೊಸ ಬೀಜವೇ ಮೇಲು. ಎಲ್ಲ ಊರವರೂ ಸೇರಿದ ಬಸವಕಲ್ಯಾಣದ ಸಭೆಯಲ್ಲಿ ಎದೆಯುಬ್ಬಿಸಿ ಓದಿದೆ. ಅದೇ ಆಯಿ ಎದ್ದಳು.

"ತಮ್ಮಾ, ಹೊಸ ಬೀಜ ಎಲ್ಲಿ ಬಿತ್ತೀವಿ, ಗೊತ್ತದನ? ಬಾವಿ ಮಗ್ಗಲ ಕರಿ ಎರಿ ಹೊಲದಾಗ. ಹಳೇದು ಕಲ್ಲ ಮಡ್ಡಿ ಮ್ಯಾಲ. ಹೊಸದಾಗಿ ಮನಿಗೆ ಬಂದದ್ದನ್ನ ಕಲ್ಲಾಗ ಕೂಡಸ್ತಾರೇನು?"

ಸಭೆಯತ್ತ ನೋಡಿದೆ. ನಿರ್ಣಾ ಊರವರಿಂದ ಹಿಡಿದು ಎಲ್ಲರೂ ಹೌದೆಂದು ತಲೆಯಾಡಿಸಿದರು. ಎಲ್ಲರೂ ಬೀಜಕ್ಕೆ ಅತಿಥಿ ಸತ್ಕಾರ ಮಾಡಿದ್ದರು.

"ಮೊದಲ ಯಾಕ ಹೇಳಲಿಲ್ಲ ಆಯಿ?"

"ನಿನ್ನ ಕಾಗದದಾಗ ತೂಕದ ಖಾನಾ ಇತ್ತು. ಹೊಲದ ಖಾನಾ ಎಲ್ಲಿತ್ತು?"

ಆ ಕಾಗದ ಮೂರು ದಿನ ಕೂತು ನಾನೇ ಮಾಡಿದ್ದು. ನಾಚಿಕೆಯಾಯಿತು. ಆದರೂ ಹಟ ಬಿಡಲಿಲ್ಲ. ಸಾಫ್ಟ್‌ವೇರ್ ಆಮೇಲೆ ಕೊಳ್ಳೋಣ, ಮೊದಲು ಕಾಗದದಲ್ಲಿ ಹೊಲಕ್ಕೊಂದು ಅಂಕಣ, ಆಯಿ ಹೇಳಿದ ಖಾನಾ, ಹಾಕುತ್ತೇನೆ ಎಂದೆ. ಈ ಸಲ ಒಂದೇ ಹೊಲದಲ್ಲಿ ಎರಡೂ ಬೀಜ ಅರ್ಧರ್ಧ ಬಿತ್ತಿ ನೋಡಬೇಕು, ಅಲ್ಲಿಯವರೆಗೆ ಯಾರೂ ಹಳೆಯ ಬೀಜ ಬಿಡಬಾರದು ಎಂದೆ. ಎಲ್ಲರೂ ಒಪ್ಪಿದರು.

ಅಧ್ಯಕ್ಷರಿಗೆ ಸಿಟ್ಟು. "ಹಂಗಾದ್ರ ಹೊಸ ಬೀಜ ಚಲೋದೋ ಅಲ್ಲೋ? ನಡಾವಳಿ ಪುಸ್ತಕದಾಗ ಏನಂತ ಬರೀಬೇಕ್ರಿ?"

ಕಾರ್ಯದರ್ಶಿ ಆಗಲೇ ಬರೆದು ಮುಗಿಸಿದ್ದರು. ಎದ್ದು ನಿಂತು, ಜೀವನದಲ್ಲಿ ಮೊದಲ ಸಲ ಗಟ್ಟಿ ದನಿಯಲ್ಲಿ ಓದಿದರು: "ಗೊತ್ತಿಲ್ಲ."

ಮೊದಲ ಸಹಿ ನಾನೇ ಹಾಕಿದೆ.